ಪುಟ್ಟಿಗೆ ಎರಡು ಸಲ ಚರ್ಮ ಕಸಿ ಮಾಡಿದೆ

ಹನುಮಂತನಗರದ ಅಜ್ಜಿಯೊಬ್ಬರು ಪುಟ್ಟಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕ್ಲಿನಿಕ್ಕಿಗೆ ಬಂದಿದ್ದರು. ಒಂಬತ್ತು ವರ್ಷದ ಪೊಮೆರೇನಿಯನ್ ನಾಯಿ. ಬೈಕಿಗೆ ಸಿಕ್ಕಿ ಮುಂಗಾಲಿನ ಚರ್ಮ ಸುಲಿದುಹೋಗಿತ್ತು. ಅಲ್ಲಿ ಎಳೆದು ಹೊಲಿಯೋಕೆ ಸಡಿಲ ಚರ್ಮ ಇರುವುದಿಲ್ಲ. ಗಾಯದಲ್ಲಿ ಕೆಂಪು ಮಾಂಸ ತುಂಬಿದ ಮೇಲೆ ಪಕ್ಕೆಯ ಚರ್ಮ ತೆಗೆದು ಕಸಿ ಮಾಡಿದೆ.

ಐದನೇ ದಿನ ಬ್ಯಾಂಡೇಜ್ ಬಿಚ್ಚಿದರೆ ಚರ್ಮ ಕಪ್ಪಾಗಿತ್ತು, ಅಡಿಯಲ್ಲಿ ಕೀವು. ಚಿಮುಟದಲ್ಲಿ ಹಿಡಿದರೆ ಒದ್ದೆ ಕಾಗದದ ಹಾಗೆ ಎದ್ದು ಬಂತು. ಆಗ ಅಜ್ಜಿ, "ಡಾಕ್ಟ್ರೇ, ಇವಳು ಈಚೆಗೆ ನೀರು ತುಂಬಾ ಕುಡೀತಾಳೆ" ಅಂದರು. ಅದನ್ನು ಮೊದಲ ದಿನವೇ ನಾನು ಕೇಳಬೇಕಿತ್ತು. ರಕ್ತದ ಸಕ್ಕರೆ ನೋಡಿದೆ, 412. ಆರೋಗ್ಯವಾಗಿರುವ ನಾಯಿಗೆ ಸುಮಾರು 80ರಿಂದ 120 ಇರುತ್ತದೆ. ಮೂತ್ರದಲ್ಲೂ ಸಕ್ಕರೆ ಇತ್ತು.

ಕಸಿ ಚರ್ಮಕ್ಕೆ ಮೊದಲ ಎರಡು ದಿನ ರಕ್ತದ ಓಡಾಟ ಇರುವುದಿಲ್ಲ. ಗಾಯ ಒಸರುವ ನೀರು ಹೀರಿಕೊಂಡೇ ಬದುಕಬೇಕು. ಆಮೇಲೆ ಅಡಿಯಿಂದ ಸಣ್ಣ ರಕ್ತನಾಳಗಳು ಬಂದು ಅದರ ನಾಳಗಳಿಗೆ ಕೂಡಿಕೊಳ್ಳುತ್ತವೆ. ಸಕ್ಕರೆ ಏರಿದ್ದರೆ ಹೊಸ ನಾಳ ಬೆಳೆಯೋದು ನಿಧಾನ. ಬಿಳಿ ರಕ್ತಕಣಗಳೂ ಸರಿಯಾಗಿ ಕೆಲಸ ಮಾಡುವುದಿಲ್ಲ, ಕೀವು ಬೇಗ ಆಗುತ್ತದೆ. ಮೊದಲ ಕಸಿ ಹೋಗಿದ್ದು ಹೀಗೇ ಅಂತ ನನ್ನ ನಂಬಿಕೆ.

ಎರಡನೇ ಸಲ ನಾನು ಅವಸರ ಮಾಡಲಿಲ್ಲ. ಹನ್ನೆರಡು ಗಂಟೆಗೊಮ್ಮೆ, ಊಟ ಆದ ಮೇಲೆ ಇನ್ಸುಲಿನ್. ಬಿಸ್ಕತ್ತು ಬಂದ್. ಅಜ್ಜಿಗೆ ಸೂಜಿ ಅಂದರೆ ಕೈ ನಡುಗುತ್ತಿತ್ತು. ನೀರು ತುಂಬಿದ ಸಿರಿಂಜನ್ನು ಕಿತ್ತಳೆ ಹಣ್ಣಿಗೆ ಚುಚ್ಚಿ ಚುಚ್ಚಿ ಕಲಿತರು. ಐದು ವಾರ ಕಾದೆವು. ಅಷ್ಟರಲ್ಲಿ ಗಾಯದ ಬಣ್ಣವೇ ಬದಲಾಯಿತು, ಮಂಕಾಗಿದ್ದ ಮಾಂಸ ದಾಳಿಂಬೆ ಕಾಳಿನ ಹಾಗೆ ಹೊಳೆಯತೊಡಗಿತು.

ಆಪರೇಷನ್ ದಿನ ಬೆಳಿಗ್ಗೆ ಅರ್ಧ ಡೋಸ್ ಮಾತ್ರ ಕೊಟ್ಟೆವು. ಅರಿವಳಿಕೆಯಲ್ಲಿ ಸಕ್ಕರೆ ಕುಸಿದರೆ ಹೊರಗೆ ಗೊತ್ತೇ ಆಗುವುದಿಲ್ಲ, ಅದು ಇನ್ನೂ ಅಪಾಯ. ಅದಕ್ಕೇ ಅರ್ಧ ಗಂಟೆಗೊಮ್ಮೆ ಕಿವಿಯಿಂದ ಒಂದು ಹನಿ ರಕ್ತ ತೆಗೆದು ನೋಡುತ್ತಿದ್ದೆವು. ಚರ್ಮದ ಕೆಳಗೆ ನೀರು ನಿಲ್ಲದಿರಲಿ ಅಂತ ಅಲ್ಲಲ್ಲಿ ಸಣ್ಣ ಸೀಳು ಮಾಡಿದೆ.

ಮೂರನೇ ದಿನ ಚರ್ಮ ನೇರಳೆ ಬಣ್ಣಕ್ಕೆ ತಿರುಗಿತ್ತು. ಅಜ್ಜಿ ಅತ್ತೇಬಿಟ್ಟರು. "ಇದು ಒಳ್ಳೇದೇ ಅಜ್ಜಿ, ಅಡಿಯಿಂದ ರಕ್ತ ಬರೋಕೆ ಶುರುವಾಗಿದೆ, ಭಯ ಬೇಡ" ಅಂದೆ. ಎಂಟನೇ ದಿನ ಗುಲಾಬಿ ಬಣ್ಣ. ಬೆರಳಿಟ್ಟು ನೋಡಿದೆ, ಬೆಚ್ಚಗಿತ್ತು.

ಈಗ ಅಲ್ಲಿ ಪಕ್ಕೆಯ ಉದ್ದ ಕೂದಲೇ ಬಂದಿದೆ. ಅಜ್ಜಿ ದಿನಾ ಅದನ್ನು ಬಾಚುತ್ತಾರೆ, ಆಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಅವತ್ತಿನ ಸಕ್ಕರೆ ಬರೆಯುತ್ತಾರೆ.