ಟೆನ್ಶನ್ ಆದಾಗ ತಿನ್ನುವುದು: ನಾನು ಸಂಜೆ ನಾಲ್ಕೂವರೆಯಿಂದ ಶುರು ಮಾಡುವುದೇಕೆ

ಮಂಗಳೂರಿನಲ್ಲಿ ಆಹಾರ ಸಲಹೆಗೆ ಬರುವವರು ಹೆಚ್ಚಾಗಿ ಹೇಳುವುದು ಒಂದೇ ಮಾತು: "ಹಗಲೆಲ್ಲ ಸರಿ ಇರ್ತೇನೆ, ಮನೆಗೆ ಬಂದ ಮೇಲೆ ಕೈ ನಿಲ್ಲುವುದಿಲ್ಲ." ಬ್ಯಾಂಕಿನ ಕೌಂಟರಿನಲ್ಲಿ ಕೂರುವವರು, ಪರೀಕ್ಷೆ ಹತ್ತಿರ ಬಂದ ಮಣಿಪಾಲದ ಮಕ್ಕಳು, ಗಂಡ ಗಲ್ಫಿನಲ್ಲಿದ್ದು ಇಲ್ಲಿ ಮನೆ, ಮಕ್ಕಳು, ಅತ್ತೆ-ಮಾವ ಎಲ್ಲವನ್ನೂ ಒಬ್ಬರೇ ಸಂಭಾಳಿಸುವ ಹೆಂಗಸರು, ಎಲ್ಲರೂ ಕೇಳುವುದು ರಾತ್ರಿ ಎಂಟು ಗಂಟೆಯ ಬಗ್ಗೆ. ನಾನು ಕೈ ಹಾಕುವುದು ಮಾತ್ರ ಅವರ ಮಧ್ಯಾಹ್ನಕ್ಕೆ.

ಕಾರಣ ಇದು. ಒಮ್ಮೆಲೇ ಬಂದ ಭಯ ಹಸಿವನ್ನು ಅಡಗಿಸುತ್ತದೆ. ಆದರೆ ವಾರಗಟ್ಟಲೆ ಎಳೆಯುವ ಒತ್ತಡದಲ್ಲಿ ಮೂತ್ರಪಿಂಡದ ಮೇಲಿರುವ ಗ್ರಂಥಿಗಳು ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನನ್ನು ಹೆಚ್ಚು ಹೊತ್ತು ಸುರಿಸುತ್ತವೆ. ಅದು ಹಲವರಲ್ಲಿ ಹಸಿವನ್ನು ಏರಿಸುತ್ತದೆ, ಅದರಲ್ಲೂ ಸಿಹಿ ಮತ್ತು ಎಣ್ಣೆಯ ಕಡೆಗೆ ಎಳೆಯುತ್ತದೆ. ಅಂಥದ್ದನ್ನು ತಿಂದಾಗ ಸ್ವಲ್ಪ ಹೊತ್ತು ಮನಸ್ಸು ಹಗುರಾಗುವುದೂ ನಿಜ. ಹಾಗಾಗಿಯೇ ಮಿದುಳು ಆ ದಾರಿಯನ್ನು ಬೇಗ ಕಲಿಯುತ್ತದೆ. (ಒತ್ತಡದಲ್ಲಿ ಊಟವೇ ಸೇರದವರೂ ಇದ್ದಾರೆ, ಅವರ ದಾರಿ ಬೇರೆ.) ಇದರ ಜತೆಗೆ ಮಧ್ಯಾಹ್ನ ಹನ್ನೆರಡೂವರೆಗೆ ಉಂಡು ರಾತ್ರಿ ಏಳೂವರೆಯವರೆಗೆ ಬರೀ ಚಹಾದಲ್ಲಿ ಕಳೆದ ಹೊಟ್ಟೆ ಸೇರಿದರೆ, ಮನೆಗೆ ಬಂದವರ ಎದುರು ಎರಡು ಹಸಿವು ಒಟ್ಟಿಗೆ ನಿಂತಿರುತ್ತವೆ. ಒತ್ತಡವನ್ನು ನಾಳೆಗೇ ಕಡಿಮೆ ಮಾಡಲು ಆಗುವುದಿಲ್ಲ. ಹೊಟ್ಟೆಯ ಹಸಿವನ್ನು ನಾಳೆಗೇ ಕಡಿಮೆ ಮಾಡಬಹುದು.

ಮೊದಲ ವಾರ ಏನನ್ನೂ ಬದಲಿಸಲು ಬಿಡುವುದಿಲ್ಲ, ಬರೆಸುತ್ತೇನೆ ಅಷ್ಟೆ. ಸಣ್ಣ ನೋಟ್‌ಬುಕ್, ಐದು ಕಲಂ: ಗಂಟೆ, ತಿಂದದ್ದು, ತಿನ್ನುವ ಮೊದಲು ಹಸಿವು ಹತ್ತರಲ್ಲಿ ಎಷ್ಟು, ಎಲ್ಲಿ ನಿಂತು ಅಥವಾ ಕೂತು ತಿಂದದ್ದು, ಅದಕ್ಕೆ ಮುಂಚಿನ ಒಂದು ಗಂಟೆಯಲ್ಲಿ ಏನಾಯಿತು. ಕ್ಯಾಲರಿ ಬೇಡ, ತೂಕ ಬೇಡ. ರಾತ್ರಿ ಮಲಗುವಾಗ ನೆನಪು ಮಾಡಿಕೊಂಡು ಬರೆದದ್ದು ಪ್ರಯೋಜನಕ್ಕೆ ಬರುವುದಿಲ್ಲ, ಏಕೆಂದರೆ ಡಬ್ಬಿಯಿಂದ ನಿಂತಲ್ಲೇ ತೆಗೆದು ತಿಂದದ್ದು ಆಗ ನೆನಪಿನಲ್ಲೇ ಇರುವುದಿಲ್ಲ. ಬರೆಯುವುದನ್ನು ನೋಡಿದ ಮನೆಯವರು ತಮಾಷೆ ಮಾಡುವ ಭಯವಿದ್ದರೆ ಮೊಬೈಲಿನಲ್ಲಿ ಬರೆದರೂ ಆದೀತು.

ಹಸಿವಿನ ಕಲಂ ತುಂಬಲು ಕಷ್ಟಪಡುವವರಿಗೆ ಒಂದು ಪ್ರಶ್ನೆ ಕೊಡುತ್ತೇನೆ: ಈಗ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಕೊಟ್ಟರೆ ತಿನ್ನುತ್ತೀರಾ? ಹೌದು ಎಂದಾದರೆ ಅದು ಹೊಟ್ಟೆಯದ್ದು, ಊಟ ಮಾಡಿ. ಗಂಜಿ ಬೇಡ, ಬಾಳೆಕಾಯಿ ಚಿಪ್ಸೇ ಬೇಕು, ಅದೂ ಈಗಲೇ ಬೇಕು ಎಂದಾದರೆ ಹೆಚ್ಚಿನ ಪಾಲು ಒತ್ತಡದ್ದು. ಹೊಟ್ಟೆಯ ಹಸಿವು ನಿಧಾನ ಏರುತ್ತದೆ, ಸಿಕ್ಕಿದ್ದಕ್ಕೆ ಒಪ್ಪುತ್ತದೆ. ಇನ್ನೊಂದು ತಟ್ಟನೆ ಬರುತ್ತದೆ, ಇಂಥದ್ದೇ ಎಂದು ಹಟ ಹಿಡಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರಹದ ಮಾತ್ರೆ ತೆಗೆದುಕೊಳ್ಳುವವರಿಗೆ ತಟ್ಟನೆ ಹಸಿವಾಗಿ ಕೈ ನಡುಗಿ ಬೆವರು ಬಂದರೆ ಅದನ್ನು ಟೆನ್ಶನ್ ಎಂದು ತಳ್ಳಿಹಾಕಬಾರದು. ಗ್ಲೂಕೋಮೀಟರಿನಲ್ಲಿ ರಕ್ತದ ಸಕ್ಕರೆ ನೋಡಬೇಕು. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಪ್ರೆಡ್ನಿಸೊಲೋನ್ ತರಹದ ಸ್ಟೀರಾಯ್ಡ್ ಮಾತ್ರೆಯೂ ಹಸಿವನ್ನು ಜೋರಾಗಿ ಏರಿಸುತ್ತದೆ. ಹಾಗಾಗಿ ಔಷಧಿ ಚೀಟಿ ನೋಡದೆ ನಾನು ಮುಂದಕ್ಕೆ ಹೋಗುವುದಿಲ್ಲ.

ಎರಡನೇ ವಾರದಿಂದ ನಾಲ್ಕೂವರೆಯ ತಿಂಡಿ. ಎರಡು ಬಿಸ್ಕತ್ತು ಇದಕ್ಕೆ ಸಾಲದು. ಮೈದಾ-ಸಕ್ಕರೆ ಬೇಗ ಕರಗಿ ಆರಕ್ಕೇ ಮತ್ತೆ ಹಸಿವು. ನಾನು ಹೇಳುವುದು ಕಡ್ಲೆ. 50 ಗ್ರಾಂ ಕಪ್ಪು ಕಡ್ಲೆ ರಾತ್ರಿ ನೆನೆಸಿ, ಬೆಳಿಗ್ಗೆ ಉಪ್ಪು ಹಾಕಿ ಕುಕ್ಕರಿನಲ್ಲಿ ನಾಲ್ಕೈದು ಸೀಟಿ, ಒಂದು ಚಮಚ ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆ. ಹತ್ತು ಗ್ರಾಂನಷ್ಟು ಪ್ರೊಟೀನ್ ಸಿಗುತ್ತದೆ, ನಾರೂ ಇದೆ. ಡಬ್ಬಿಗೆ ತುಂಬಿಸುವುದಾದರೆ ಕಾಯಿತುರಿ ಬೇಡ, ನಮ್ಮ ಸೆಕೆಗೆ ಸಂಜೆಯೊಳಗೆ ಹಳಸುತ್ತದೆ. ಏಪ್ರಿಲ್-ಮೇಯಲ್ಲಿ ಬೇಯಿಸಿದ್ದನ್ನೇ ಬಿಟ್ಟು ಒಂದು ಮುಷ್ಟಿ ಹುರಿದ ನೆಲಗಡಲೆ, ಒಂದು ಬಾಳೆಹಣ್ಣು ಒಯ್ಯಿರಿ. ಮೊಟ್ಟೆ ತಿನ್ನುವವರಿಗೆ ಎರಡು ಬೇಯಿಸಿದ ಮೊಟ್ಟೆ ಇನ್ನೂ ಸುಲಭ. ಇದು ಕೆಡುವುದು ಎಲ್ಲಿ ಅಂದರೆ, ಕೆಲಸದ ಒತ್ತಡ ಜಾಸ್ತಿ ಇರುವ ದಿನವೇ ಡಬ್ಬಿ ತೆರೆಯದೆ ಉಳಿಯುತ್ತದೆ. ಅದಕ್ಕೆ ಮೊಬೈಲಿನಲ್ಲಿ ಅಲಾರಂ ಇಡಿಸುತ್ತೇನೆ. ಹಸಿವಾಗಲಿ ಎಂದು ಕಾಯಬಾರದು.

ಬೆಳಿಗ್ಗೆಯದ್ದೂ ಸ್ವಲ್ಪ ನೋಡಬೇಕು. ಬರೀ ನೀರುದೋಸೆ, ಬೆಲ್ಲ-ಕಾಯಿತುರಿ ಹನ್ನೊಂದರವರೆಗೆ ನಿಲ್ಲುವುದಿಲ್ಲ; ಜತೆಗೆ ಕಡ್ಲೆ ಗಸಿಯೋ ಮೊಟ್ಟೆಯೋ ಇರಲಿ.

ಇನ್ನು ಮನೆಗೆ ಬಂದ ಹೊತ್ತು. ಚಪ್ಪಲಿ ಬಿಟ್ಟವರು ನೇರ ಅಡುಗೆಮನೆಗೆ ಹೋಗಬಾರದು. ಕೈಕಾಲು ತೊಳೆದು, ಅಥವಾ ಸ್ನಾನವನ್ನೇ ಮುಗಿಸಿ, ಐದು ನಿಮಿಷ ಕೂತು ಉಸಿರಾಡಬೇಕು: ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಹೊರಗೆ ಬಿಡುವುದು ಉದ್ದವಾದಾಗ ಎದೆಬಡಿತ ಇಳಿಯುತ್ತದೆ. ತಲೆ ತಿರುಗಿದರೆ ಜೋರಾಗಿ ಎಳೆಯುತ್ತಿದ್ದೀರಿ ಎಂದರ್ಥ, ಮೆಲ್ಲ ಮಾಡಿ. ಮಳೆ ಇಲ್ಲದಿದ್ದರೆ ಹತ್ತು ಹದಿನೈದು ನಿಮಿಷ ಚುರುಕಾಗಿ ನಡೆದರೂ ಆಸೆಯ ಬಿರುಸು ತಗ್ಗುತ್ತದೆ.

ಇಷ್ಟಾದ ಮೇಲೂ ಗೋಳಿಬಜೆಯೇ ಬೇಕೆಂದರೆ ತಿನ್ನಿ. ನಾಲ್ಕು ಗೋಳಿಬಜೆ, ಚಟ್ನಿ, ಬಟ್ಟಲಿನಲ್ಲಿ ಹಾಕಿಕೊಂಡು, ಟಿವಿ-ಮೊಬೈಲ್ ಇಲ್ಲದೆ ಕೂತು ತಿನ್ನಿ. ಪೂರ್ತಿ ಬಿಡಿಸಲು ಹೋದರೆ ಬೇಡವೆಂದದ್ದರ ಮೇಲೆಯೇ ಮನಸ್ಸು ಕೂತು, ವಾರದೊಳಗೆ ಅದೇ ತಿಂಡಿ ಮೂರು ಪಟ್ಟಾಗಿ ಮರಳುವುದುಂಟು. ನಿನ್ನೆ ತಿಂದದ್ದಕ್ಕೆ ಇವತ್ತು ಊಟ ಬಿಡುವುದನ್ನಂತೂ ನಾನು ಒಪ್ಪುವುದೇ ಇಲ್ಲ. ಏಕಾದಶಿಯ ಉಪವಾಸ ವ್ರತ, ಇದು ದಂಡನೆ. ದಂಡನೆಯ ಉಪವಾಸ ಮುಗಿಯುವುದು ಬಹುತೇಕ ಮತ್ತೊಂದು ಅತಿಯೂಟದಲ್ಲಿ.

ಹಲಸಿನ ಹಪ್ಪಳ, ಚಿಪ್ಸ್, ಚಕ್ಕುಲಿಯನ್ನು ಅರ್ಧ ಕೆಜಿ ತರುವ ಬದಲು ನೂರು ಗ್ರಾಂ ತನ್ನಿ. ಮನೆಯವರಿಗೂ ಒಂದು ಮಾತು: "ಎಂತ, ಮತ್ತೆ ತಿನ್ಲಿಕ್ಕೆ ಶುರುವಾ?" ಎಂದು ಕೇಳುವುದನ್ನು ದಯವಿಟ್ಟು ನಿಲ್ಲಿಸಿ. ಆ ಮಾತಿನಿಂದ ತಿನ್ನುವುದು ಕಡಿಮೆಯಾಗುವುದಿಲ್ಲ; ಕದ್ದು ತಿನ್ನುವುದು ಶುರುವಾಗುತ್ತದೆ.

ನಿದ್ದೆಯನ್ನು ಹಲವರು ಲೆಕ್ಕಕ್ಕೇ ಹಿಡಿಯುವುದಿಲ್ಲ. 2004ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು 12 ಆರೋಗ್ಯವಂತ ಯುವಕರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿಸಿ ನೋಡಿದಾಗ, ಹತ್ತು ಗಂಟೆ ಮಲಗಿಸಿದಾಗಿನದಕ್ಕಿಂತ ಹೊಟ್ಟೆ ತುಂಬಿತೆಂದು ಹೇಳುವ ಲೆಪ್ಟಿನ್ ಶೇ. 18 ಇಳಿದಿತ್ತು, ಹಸಿವು ಹುಟ್ಟಿಸುವ ಗ್ರೆಲಿನ್ ಶೇ. 28 ಏರಿತ್ತು. ನೋಟ್‌ಬುಕ್ಕಿನಲ್ಲಿ ನಿದ್ದೆಯ ಗಂಟೆಯನ್ನೂ ಬರೆಸಿದರೆ ಕೈಮೀರಿದ ಸಂಜೆಗಳು ನಿದ್ದೆಗೆಟ್ಟ ರಾತ್ರಿಗಳ ಬೆನ್ನಿಗೇ ಬಂದಿರುವುದು ಅನೇಕರಿಗೆ ಕಾಣುತ್ತದೆ. ಸಂಜೆ ಐದರ ನಂತರ ಕಾಫಿ ಬೇಡ; ಕುಡಿದ ಕೆಫೀನಿನ ಅರ್ಧದಷ್ಟು ಐದಾರು ಗಂಟೆ ಕಳೆದರೂ ರಕ್ತದಲ್ಲಿರುತ್ತದೆ. ಪುನರ್ಪುಳಿ ಶರಬತ್ತು ಸಕ್ಕರೆ ಕಡಿಮೆ ಹಾಕಿ ಕುಡಿಯಬಹುದು, ಮಜ್ಜಿಗೆ ಇನ್ನೂ ಒಳ್ಳೆಯದು.

ಫಲ ಅಳೆಯುವುದು ತೂಕದಿಂದಲ್ಲ. ವಾರದಲ್ಲಿ ಎಷ್ಟು ಸಂಜೆ ಕೈ ಮೀರಿತು ಎಂದು ಎಣಿಸಿ. ಐದಿದ್ದದ್ದು ಮೂರಕ್ಕೆ ಇಳಿದರೆ ಸರಿಯಾದ ದಾರಿಯಲ್ಲಿದ್ದೀರಿ. ಆದರೆ ಹೊಟ್ಟೆ ಬಿರಿದರೂ ನಿಲ್ಲಿಸಲಾಗದೆ, ಗಬಗಬ, ನಾಚಿಕೆಯಿಂದ ಒಂಟಿಯಾಗಿ ತಿನ್ನುವುದು ವಾರಕ್ಕೊಮ್ಮೆಯಾದರೂ ಮೂರು ತಿಂಗಳಿಂದ ನಡೆದಿದ್ದರೆ, ಅಥವಾ ತಿಂದು ವಾಂತಿ ಮಾಡಿಕೊಳ್ಳುತ್ತಿದ್ದರೆ, ಕಡ್ಲೆ ಮತ್ತು ನೋಟ್‌ಬುಕ್ ಸಾಲದು. ಅದಕ್ಕೆ ಚಿಕಿತ್ಸೆ ಇದೆ, ಮನೋವೈದ್ಯರನ್ನು ಕಾಣಬೇಕು. ಮೊದಲ ಮಾತಿಗೆ ಸಂಕೋಚವಾದರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.