‘ಅಡ್ಡಿಲ್ಲ’ ಅನ್ನಬೇಡಿ: ಆಸ್ಟ್ರೇಲಿಯಾಕ್ಕೆ ಹೊರಟ ನಮ್ಮೂರವರಿಗೆ, ಸೈಕಾಲಜಿಸ್ಟ್ ಹುಡುಕುವ ಬಗ್ಗೆ

ಡಿಸೆಂಬರ್ ರಜೆಗೆ ಊರಿಗೆ ಬಂದಿದ್ದೇನೆ. ಶಿರಸಿ ಕಡೆ ಈಗ ಅಡಿಕೆ ಸುಲಿಯುವ ಕಾಲ. ಸಂಜೆ ಮೆಟ್ಟುಗತ್ತಿ ಸಾಲಾಗಿ ಇಟ್ಟುಕೊಂಡು ಕೂತರೆ ಕೈಯೂ ನಿಲ್ಲುವುದಿಲ್ಲ, ಮಾತೂ ನಿಲ್ಲುವುದಿಲ್ಲ. ಮೊನ್ನೆ ಹಾಗೆ ಕೂತಿದ್ದಾಗ ಪಕ್ಕದ ಮನೆಯ ದೊಡ್ಡಮ್ಮ ಹತ್ತಿರ ಸರಿದರು. ಅವರ ಮಗ, ಸೊಸೆ ಫೆಬ್ರವರಿಯಲ್ಲಿ ಪಿ.ಆರ್. (ಕಾಯಂ ವಾಸದ ವೀಸಾ) ಮೇಲೆ ಬ್ರಿಸ್ಬೇನಿಗೆ ಹೊರಟಿದ್ದಾರೆ. ಮೊಮ್ಮಗನಿಗೆ ನಾಲ್ಕು ವರ್ಷ, ಇನ್ನೂ ಮಾತು ಬಂದಿಲ್ಲ. “ಅಲ್ಲಿ ಸರ್ಕಾರನೇ ದುಡ್ಡು ಕೊಡ್ತಡ, ಹೌದನೇ ತಂಗಿ?” ಅಂತ ಕೇಳಿದರು. ಕುಮಟಾ, ಹೊನ್ನಾವರದ ಎರಡು ಮನೆಯವರೂ ಈ ವರ್ಷ ಫೋನ್ ಮಾಡಿ ಇದನ್ನೇ ಕೇಳಿದ್ದರು. ಒಮ್ಮೆ ಬರೆದೇ ಬಿಡೋಣ ಅನ್ನಿಸಿತು.

ಹೌದು, ಇಂಥ ಮಕ್ಕಳ ಥೆರಪಿಗೆ ಅಲ್ಲಿಯ ಸರ್ಕಾರ ದುಡ್ಡು ಕೊಡುತ್ತದೆ. ಆದರೆ ದುಡ್ಡು ಮಂಜೂರಾಗುವುದು ಒಂದು ಕೆಲಸ, ನಿಮ್ಮ ಮಗುವಿಗೆ ಹೊಂದುವ ಸೈಕಾಲಜಿಸ್ಟ್ ಸಿಗುವುದು ಬೇರೆಯೇ ಕೆಲಸ. ನನ್ನ ಮಗನಿಗೆ ಆಟಿಸಂ. ಮೆಲ್ಬರ್ನ್‌ಗೆ ಹೋಗಿ ಹನ್ನೊಂದು ವರ್ಷವಾಯಿತು. ನಾನು ಜಾಸ್ತಿ ಒದ್ದಾಡಿದ್ದು ಎರಡನೆಯ ಕೆಲಸಕ್ಕೆ.

ಮೊದಲು ಯೋಜನೆಯ ವಿಷಯ ಮುಗಿಸಿಬಿಡುತ್ತೇನೆ. ಅಂಗವೈಕಲ್ಯ ಇರುವವರಿಗೆ ನೆರವಿನ ದುಡ್ಡು ಕೊಡುವ ಈ ಯೋಜನೆಯ ಹೆಸರು ನ್ಯಾಷನಲ್ ಡಿಸೆಬಿಲಿಟಿ ಇನ್ಶೂರೆನ್ಸ್ ಸ್ಕೀಮ್, ಎಲ್ಲರ ಬಾಯಲ್ಲಿ ಎನ್‌ಡಿಐಎಸ್. 2013ರಲ್ಲಿ ಕಾನೂನಾಯಿತು, 2020ರ ಹೊತ್ತಿಗೆ ಇಡೀ ದೇಶಕ್ಕೆ ಬಂತು. ಅರ್ಜಿ ಹಾಕುವಾಗ ವಯಸ್ಸು 65ರ ಒಳಗಿರಬೇಕು. ನಮ್ಮಂಥವರಿಗೆ ಪಿ.ಆರ್. ಅಥವಾ ಪೌರತ್ವ ಬೇಕು. ಸ್ಟೂಡೆಂಟ್ ವೀಸಾ, ತಾತ್ಕಾಲಿಕ ಕೆಲಸದ ವೀಸಾದವರಿಗೆ ಸಿಗುವುದಿಲ್ಲ. ಆದಾಯ ಎಷ್ಟು ಅಂತ ಕೇಳುವುದಿಲ್ಲ. ನಮ್ಮಲ್ಲಿ ಸರ್ಕಾರದ ಸೌಲಭ್ಯ ಅಂದ ಕೂಡಲೇ ಬಿಪಿಎಲ್ ಕಾರ್ಡ್ ನೆನಪಾಗುತ್ತದೆ, ಅಲ್ವಾ? ಅಲ್ಲಿ ಹಾಗಿಲ್ಲ. ಸಂಬಳ ಚೆನ್ನಾಗಿದೆ ಅಂತ ಸಂಕೋಚಪಟ್ಟು ಅರ್ಜಿ ಹಾಕದೆ ಕೂರಬೇಡಿ. ಆರು ವರ್ಷದೊಳಗಿನ ಮಗುವಿನ ಬೆಳವಣಿಗೆ ನಿಧಾನವಾಗಿದ್ದರೆ, ಕಾಯಿಲೆಯ ಹೆಸರು ಬರೆದ ಸರ್ಟಿಫಿಕೇಟ್ ಸಿಗುವವರೆಗೆ ಕಾಯಬೇಕಾಗಿಲ್ಲ. ಚಿಕ್ಕ ಮಕ್ಕಳ ವ್ಯವಸ್ಥೆಯನ್ನು ಬದಲಿಸುವುದಾಗಿ ಸರ್ಕಾರ 2025ರಲ್ಲಿ ಹೇಳಿದೆ. ಹಾಗಾಗಿ ಹೋದ ಕೂಡಲೇ 1800 800 110ಕ್ಕೆ ಫೋನ್ ಮಾಡಿ, ಆ ದಿನದ ನಿಯಮ ಏನು ಅಂತ ಕೇಳಿಕೊಳ್ಳಿ.

ಹೊಸಬರು ಜಾಸ್ತಿ ಗೊಂದಲ ಮಾಡಿಕೊಳ್ಳುವುದು ಮೆಡಿಕೇರ್ ಮತ್ತು ಎನ್‌ಡಿಐಎಸ್ ನಡುವೆ. ಮೆಡಿಕೇರ್ ಅಂದರೆ ಅಲ್ಲಿಯ ಸರ್ಕಾರಿ ಆರೋಗ್ಯ ವಿಮೆ. ಖಿನ್ನತೆ, ಆತಂಕ ಇಂಥದ್ದಕ್ಕೆ ಚಿಕಿತ್ಸೆ ಅದರ ಕಡೆಯದು. ಜಿಪಿ, ಅಂದರೆ ನಿಮ್ಮ ಬಡಾವಣೆಯ ಡಾಕ್ಟರು, ಮೆಂಟಲ್ ಹೆಲ್ತ್ ಪ್ಲಾನ್ ಬರೆದುಕೊಟ್ಟರೆ ವರ್ಷಕ್ಕೆ ಹತ್ತು ಸೆಷನ್‌ಗಳವರೆಗೆ ಮೆಡಿಕೇರ್ ಒಂದಿಷ್ಟು ವಾಪಸ್ ಕೊಡುತ್ತದೆ. ಎನ್‌ಡಿಐಎಸ್ ನೋಡುವುದೇ ಬೇರೆ: ಈ ಅಂಗವೈಕಲ್ಯದಿಂದ ದಿನದ ಬದುಕು ಎಲ್ಲೆಲ್ಲಿ ನಿಲ್ಲುತ್ತಿದೆ, ಅದನ್ನು ನಡೆಸಲು ಏನು ಬೇಕು. ಸ್ನಾನ, ಊಟ, ಶಾಲೆ, ಬಸ್ಸು, ಜನರ ನಡುವೆ ಇರುವುದು. ಆದ್ದರಿಂದ ಸೈಕಾಲಜಿಸ್ಟ್ ಬರೆಯುವ ರಿಪೋರ್ಟೂ ಈ ಮಾತಿನಲ್ಲೇ ಇರಬೇಕು. “ಮಗುವಿಗೆ ಆತಂಕ ಇದೆ” ಅಂತಷ್ಟೇ ಬರೆದರೆ ಅದು ಆರೋಗ್ಯ ಇಲಾಖೆಯ ಕೆಲಸ ಅಂದುಬಿಡುತ್ತಾರೆ.

ಈಗ ಸೈಕಾಲಜಿಸ್ಟ್ ಆರಿಸುವ ವಿಷಯ. ಆಸ್ಟ್ರೇಲಿಯಾದಲ್ಲಿ ‘ಸೈಕಾಲಜಿಸ್ಟ್’ ಅನ್ನುವ ಹೆಸರಿಗೆ ಕಾನೂನಿನ ರಕ್ಷಣೆ ಇದೆ. ಆಪ್ರಾ ಅನ್ನುವ ಸಂಸ್ಥೆಯಲ್ಲಿ ನೋಂದಣಿ ಆದವರು ಮಾತ್ರ ಹಾಗೆ ಹಾಕಿಕೊಳ್ಳಬಹುದು. ಆಪ್ರಾ ವೆಬ್‌ಸೈಟಿನಲ್ಲಿ ಹೆಸರು ಹಾಕಿದರೆ ನೋಂದಣಿ, ಅದರ ಮೇಲೆ ಷರತ್ತು ಏನಾದರೂ ಇದ್ದರೆ ಅದೂ ಕಾಣುತ್ತದೆ. ಎರಡು ನಿಮಿಷದ ಕೆಲಸ, ಬಿಡಬೇಡಿ. ‘ಕೌನ್ಸೆಲರ್’ ಅನ್ನುವ ಹೆಸರಿಗೆ ಆ ರಕ್ಷಣೆ ಇಲ್ಲ. ಕ್ಲಿನಿಕಲ್, ಎಜುಕೇಷನಲ್ ಅಂಡ್ ಡೆವಲಪ್‌ಮೆಂಟಲ್, ನ್ಯೂರೋಸೈಕಾಲಜಿ ಅಂತ ಹೆಚ್ಚಿನ ಪರಿಣತಿಯ ವಿಭಾಗಗಳೂ ಇವೆ. ಮಗುವಿನ ಕಲಿಕೆ, ನಡತೆ ನಿಮ್ಮ ಚಿಂತೆಯಾದರೆ ಎರಡನೆಯದನ್ನೂ ಹುಡುಕಿ. ಸುಮ್ನೆ ‘ಕ್ಲಿನಿಕಲ್’ ಅಂದರೆ ದೊಡ್ಡದು ಅಂದುಕೊಳ್ಳಬೇಡಿ.

ಇನ್ನೊಂದು ವಿಷಯ ಎನ್‌ಡಿಐಎಸ್ ಪ್ಲಾನ್ ಮಾಡುವ ದಿನವೇ, ಅಂದರೆ ಮಗುವಿಗೆ ಯಾವ ನೆರವಿಗೆ ಎಷ್ಟು ದುಡ್ಡು ಅಂತ ಗೊತ್ತುಮಾಡುವಾಗಲೇ, ಹೇಳಬೇಕು. ದುಡ್ಡನ್ನು ನೀವೇ ನೋಡಿಕೊಳ್ಳಬಹುದು, ಪ್ಲಾನ್ ಮ್ಯಾನೇಜರ್ ಕೈಗೆ ಕೊಡಬಹುದು, ಅಥವಾ ಯೋಜನೆ ನಡೆಸುವ ಸರ್ಕಾರಿ ಏಜೆನ್ಸಿಗೇ ಬಿಡಬಹುದು. ಏಜೆನ್ಸಿಗೆ ಬಿಟ್ಟರೆ ಎನ್‌ಡಿಐಎಸ್‌ನಲ್ಲಿ ನೋಂದಾಯಿಸಿದವರ ಹತ್ತಿರ ಮಾತ್ರ ಹೋಗಬಹುದು. ಎಷ್ಟೋ ಒಳ್ಳೆಯ ಸೈಕಾಲಜಿಸ್ಟ್‌ಗಳು ಒಬ್ಬರೇ ಕೂತು ಕೆಲಸ ಮಾಡುವವರು, ಆ ನೋಂದಣಿ ಮಾಡಿಸಿರುವುದಿಲ್ಲ. ಹೊಸಬರಿಗೆ ಪ್ಲಾನ್ ಮ್ಯಾನೇಜರ್ ಇಟ್ಟುಕೊಳ್ಳುವುದೇ ಸರಿ ಅಂತ ನನ್ನ ಅಭಿಪ್ರಾಯ. ಬಿಲ್ಲು ಅವರು ನೋಡುತ್ತಾರೆ, ಆಯ್ಕೆ ನಿಮ್ಮ ಕೈಯಲ್ಲೇ ಉಳಿಯುತ್ತದೆ. ಅವರ ಶುಲ್ಕ ನಿಮ್ಮ ಥೆರಪಿ ದುಡ್ಡಿನಿಂದ ಹೋಗುವುದಿಲ್ಲ.

ನಾವು ಮೊದಲು ಹೋದದ್ದು ಬೇಗ ಜಾಗ ಸಿಕ್ಕ ಸೈಕಾಲಜಿಸ್ಟ್ ಹತ್ತಿರ. ಬೇರೆ ಕಡೆ ತಿಂಗಳುಗಟ್ಟಲೆ ವೇಟಿಂಗ್ ಲಿಸ್ಟ್, ಇಲ್ಲಿ ಮುಂದಿನ ವಾರವೇ ಬನ್ನಿ ಅಂದರು. ಮಗನಿಗೆ ಆಗ ಆರು ವರ್ಷ. ಅವರು ಫಾರ್ಮ್ ಹಿಡಿದು ಕೇಳುತ್ತಾ ಹೋದರು. ಚಮಚ, ಫೋರ್ಕ್ ಬಳಸುತ್ತಾನಾ? ಇಲ್ಲ. ರಿಪೋರ್ಟಿನಲ್ಲಿ ‘ತಾನಾಗಿ ಊಟ ಮಾಡಲಾರ’ ಅಂತ ಬಂತು. ನಮ್ಮ ಹುಡುಗ ಅನ್ನಕ್ಕೆ ತಂಬುಳಿ ಕಲೆಸಿಕೊಂಡು ಒಂದು ಅಗುಳೂ ಚೆಲ್ಲದೆ ಕೈಯಲ್ಲಿ ಉಣ್ಣುತ್ತಿದ್ದ. ಅವನ ನಿಜವಾದ ಕಷ್ಟವನ್ನು ಅವರು ಕೇಳಲೇ ಇಲ್ಲ, ನನಗೂ ಹೇಳಲು ಹೊಳೆಯಲಿಲ್ಲ. ಕಾಯಿ ರುಬ್ಬುವ ಮಿಕ್ಸಿ ಸದ್ದಾದರೆ ಅವನು ಬಚ್ಚಲಿಗೆ ಓಡಿ ಬಾಗಿಲು ಹಾಕಿಕೊಂಡು ಕೈ ಕಚ್ಚಿಕೊಳ್ಳುತ್ತಿದ್ದ. ಅವನು ಶಾಲೆಗೆ ಹೋದ ಮೇಲೆ ಮಿಕ್ಸಿ ಹಾಕುವುದು ನನಗೆ ಅಭ್ಯಾಸವಾಗಿತ್ತು. ಅದೊಂದು ಕಷ್ಟ ಅಂತಲೇ ಮರೆತುಹೋಗಿತ್ತು.

ನಾಲ್ಕು ತಿಂಗಳು ಅಲ್ಲಿ ಕಳೆದೆವು. ಎರಡನೆಯವರು ಫಾರ್ಮ್ ತೆಗೆಯಲಿಲ್ಲ. “ನಿಮ್ಮ ಮನೆಯಲ್ಲಿ ಬೆಳಗ್ಗೆ ಹೇಗೆ ಶುರುವಾಗುತ್ತದೆ, ಎದ್ದಾಗಿನಿಂದ ಹೇಳಿ” ಅಂದರು. ಹೇಳುತ್ತಾ ಹೋದಂತೆ ಮಿಕ್ಸಿ ವಿಷಯ ತಾನಾಗಿ ಹೊರಗೆ ಬಂತು. ಆ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಸಿ, ತೀರಾ ಸಣ್ಣದಾಗಿ ಕೇಳಿಸುವುದರಿಂದ ಶುರು ಮಾಡಿದರು. ಕೊನೆಗೆ ಸ್ವಿಚ್ಚನ್ನು ಅವನ ಕೈಗೇ ಕೊಡಿಸಿದರು. ಮೂರು ತಿಂಗಳು ಹಿಡಿಯಿತು. ಈಗ ಚಟ್ನಿ ಮಾಡುವಾಗ ಸ್ವಿಚ್ ಹಾಕುವವನು ಅವನೇ.

ಅದಕ್ಕೇ ಹೇಳುವುದು, ಸಹಿ ಹಾಕುವ ಮೊದಲು ಹದಿನೈದು ನಿಮಿಷ ಫೋನಿನಲ್ಲಿ ಮಾತಾಡಿ. ತಪ್ಪು ತಿಳಿಯುವುದಿಲ್ಲ, ಅಲ್ಲಿ ಅದು ರೂಢಿ. ಈ ವಯಸ್ಸಿನ, ಈ ತೊಂದರೆಯ ಮಕ್ಕಳ ಜೊತೆ ಎಷ್ಟು ಕೆಲಸ ಮಾಡಿದ್ದೀರಿ? ತಂದೆತಾಯಿಗೂ ಕಲಿಸುತ್ತೀರಾ? ಮನೆಗೆ, ಶಾಲೆಗೆ ಬರುತ್ತೀರಾ? ಪ್ರಯಾಣದ ಸಮಯಕ್ಕೆ ಎಷ್ಟು ಹಾಕುತ್ತೀರಿ, ರಿಪೋರ್ಟಿಗೆ ಎಷ್ಟು ಗಂಟೆ? ಜ್ವರ ಬಂದು ಹಿಂದಿನ ದಿನ ಕ್ಯಾನ್ಸಲ್ ಮಾಡಿದರೆ ಏನು? ಇದೆಲ್ಲ ಸರ್ವಿಸ್ ಅಗ್ರಿಮೆಂಟಿನಲ್ಲಿ ಬರಹದಲ್ಲಿರಲಿ. 2025ರ ಜುಲೈಯಲ್ಲಿ ಸೈಕಾಲಜಿಸ್ಟ್‌ಗೆ ಎನ್‌ಡಿಐಎಸ್ ಇಟ್ಟ ದರದ ಮಿತಿ ಗಂಟೆಗೆ 232.99 ಡಾಲರ್ ಆಗಿತ್ತು. ಪ್ಲಾನಿನಲ್ಲಿ 5,000 ಡಾಲರ್ ಬಂತು ಅಂದರೆ ಕೇಳಲು ದೊಡ್ಡದು, ಆ ದರದಲ್ಲಿ ಲೆಕ್ಕ ಹಾಕಿದರೆ 21 ಗಂಟೆ. ಅದರಲ್ಲೇ ರಿಪೋರ್ಟು, ಅದರಲ್ಲೇ ಶಾಲೆಯ ಮೀಟಿಂಗು.

ಕನ್ನಡ ಮಾತಾಡುವ ಸೈಕಾಲಜಿಸ್ಟೇ ಬೇಕು ಅಂತ ಹಟ ಬೇಡ. ಸಿಕ್ಕರೆ ಸಂತೋಷ. ಆದರೆ ಮಗುವಿನ ತೊಂದರೆ ಬಲ್ಲವರು ಮೊದಲು, ಭಾಷೆ ಆಮೇಲೆ. ಭಾಷೆಗೆ ಟಿಐಎಸ್ ನ್ಯಾಷನಲ್ ಅನ್ನುವ ಸರ್ಕಾರಿ ದುಭಾಷಿ ಸೇವೆ ಇದೆ, 131 450. ಕನ್ನಡದ ಇಂಟರ್‌ಪ್ರಿಟರ್ ಬೇಕು ಅಂತ ಮುಂಚೆಯೇ ಹೇಳಿಡಿ. ಕನ್ನಡ ಸಂಘದ ಪರಿಚಯದವರನ್ನು ಮಾತ್ರ ಇದಕ್ಕೆ ಕರೆದುಕೊಂಡು ಹೋಗಬೇಡಿ. ಅವರು ಎಷ್ಟೇ ಒಳ್ಳೆಯವರಾದರೂ ಅವರೆದುರು ನೀವು ಮನೆಯ ಮಾತು ಪೂರ್ತಿ ಆಡಲಾರಿರಿ.

ಪೂರ್ತಿ ಆಡುವುದೇ ನಮಗೆ ಕಷ್ಟ. ನಮ್ಮ ಜಿಲ್ಲೆಯವರಿಗೆ ‘ಅಡ್ಡಿಲ್ಲ’ ಅನ್ನುವ ಮಾತು ನಾಲಿಗೆ ತುದಿಯಲ್ಲೇ ಇರುತ್ತದೆ. ಜ್ವರದಲ್ಲಿ ಮಲಗಿದವರನ್ನು ಕೇಳಿದರೂ ಅಡ್ಡಿಲ್ಲ. ನನ್ನ ಮೊದಲ ಪ್ಲಾನ್ ಮೀಟಿಂಗಿನಲ್ಲಿ “ಮನೆಯಲ್ಲಿ ಹೇಗೆ ನಿಭಾಯಿಸುತ್ತಿದ್ದೀರಿ?” ಅಂದಾಗ ನಾನೂ ಇಂಗ್ಲಿಷಿನಲ್ಲಿ ಅದನ್ನೇ ಹೇಳಿದೆ. ಅವರು ಹಾಗೇ ಬರೆದುಕೊಂಡರು. ಆ ವರ್ಷ ಸಿಕ್ಕ ಥೆರಪಿ ಗಂಟೆಗಳೂ ಅದಕ್ಕೆ ತಕ್ಕಂತೆ ಕಡಿಮೆಯೇ ಇದ್ದವು. ಆಗ ನಮ್ಮ ಅತ್ತೆ ಆರು ತಿಂಗಳಿಗೆ ಬಂದಿದ್ದರು, ಸ್ನಾನ ಮಾಡಿಸಿ, ಬಟ್ಟೆ ಹಾಕಿ, ರಾತ್ರಿ ಎಬ್ಬಿಸಿ ಎಲ್ಲ ಅವರೇ ನೋಡುತ್ತಿದ್ದರು. ಅಜ್ಜಿ ಮಾಡುವುದನ್ನು ನಾವು ಕಷ್ಟ ಅಂತ ಎಣಿಸುವುದೇ ಇಲ್ಲ. ಅವರು ಊರಿಗೆ ವಾಪಸ್ ಬಂದ ಮೇಲೆ ಗೊತ್ತಾಯಿತು. ಸೈಕಾಲಜಿಸ್ಟ್ ಕೇಳಿದಾಗ ಅತ್ಯಂತ ಕೆಟ್ಟ ದಿನ ಹೇಗಿತ್ತು ಅಂತ ಹೇಳಿ. ಯಾರು ಏನು ಮಾಡಿಸುತ್ತಾರೆ, ಎಷ್ಟು ಹೊತ್ತು, ರಾತ್ರಿ ಎಷ್ಟು ಸಲ ಏಳುತ್ತೀರಿ, ಎಲ್ಲ ಹೇಳಿ. ಅದು ಮಗುವನ್ನು ದೂರುವುದಲ್ಲ.

ಪ್ಲಾನ್ ಕಡಿಮೆ ಬಂತು ಅನ್ನಿಸಿದರೆ ಮೂರು ತಿಂಗಳೊಳಗೆ ಮರುಪರಿಶೀಲನೆ ಕೇಳಬಹುದು. ಸೈಕಾಲಜಿಸ್ಟ್ ಹೊಂದಲಿಲ್ಲ ಅಂದರೆ ಅಗ್ರಿಮೆಂಟಿನ ನೋಟಿಸ್ ಕೊಟ್ಟು ಬಿಡಬಹುದು, ನಾವು ಅದಕ್ಕೂ ಸಂಕೋಚಪಟ್ಟು ಎರಡು ತಿಂಗಳು ಕಳೆದುಕೊಂಡೆವು. ಅವರ ನಡತೆ, ಬಿಲ್ಲಿನಲ್ಲಿ ತಪ್ಪಿದ್ದರೆ ದೂರು ಕೊಡುವುದು ಎನ್‌ಡಿಐಎಸ್ ಕಮಿಷನ್‌ಗೆ, 1800 035 544.

ಊರು ಬಿಡುವ ಮೊದಲು ಇಲ್ಲಿಂದ ತೆಗೆದುಕೊಂಡು ಹೋಗಬೇಕಾದದ್ದೂ ಇದೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಮಣಿಪಾಲ, ಎಲ್ಲಿ ತೋರಿಸಿದ್ದರೂ ರಿಪೋರ್ಟು ಇಂಗ್ಲಿಷಿನಲ್ಲಿ, ತಾರೀಕು, ಸಹಿ ಸಮೇತ ತೆಗೆದಿಟ್ಟುಕೊಳ್ಳಿ. ಅಂಗನವಾಡಿ ಟೀಚರ್ ನಾಲ್ಕು ಸಾಲು ಬರೆದುಕೊಟ್ಟರೂ ಉಪಯೋಗವಾಗುತ್ತದೆ. ಮತ್ತೆ ಫೋನಿನಲ್ಲಿ ವಿಡಿಯೋ, ಮಗು ದಿನವೂ ಇರುವ ಹಾಗೇ.

ನಿನ್ನೆ ದೊಡ್ಡಮ್ಮ ಒಂದು ವಿಡಿಯೋ ತಂದು ತೋರಿಸಿದರು. ಎರಡು ನಿಮಿಷದ್ದು. ಮೊಮ್ಮಗ ಸಿಪ್ಪೆ ರಾಶಿಯ ಪಕ್ಕ ಕೂತು ಅಡಿಕೆಗಳನ್ನು ಒಂದರ ಹಿಂದೆ ಒಂದು ಸಾಲಾಗಿ ಇಡುತ್ತಿದ್ದಾನೆ. ಹಿಂದಿನಿಂದ ಮೂರು ಸಲ ಹೆಸರು ಕರೆಯುತ್ತಾರೆ, ತಿರುಗುವುದಿಲ್ಲ. ಕೊನೆಗೆ ದೊಡ್ಡಮ್ಮನ ಕೈ ಬಂದು ಬಾಯಿಗೆ ತುತ್ತಿಡುತ್ತದೆ. “ಇದು ಚೆನ್ನಾಗಿ ಬರಲಿಲ್ಲ, ಬೇರೆ ತೆಗೆಯಲಾ?” ಅಂದರು. ಬೇಡ, ಇದನ್ನೇ ಕಳಿಸಿ ಅಂದೆ.