ಸರಿಯುತ್ತರದ ಹಿಂದಿನ ದಾರಿ: ಭಾಷಾ ಮಾದರಿಗಳ ತರ್ಕಶಕ್ತಿಯನ್ನು ವಿಷಯವಾರು ಪರೀಕ್ಷಿಸುವ ಕ್ರಮ

ಚಾಟ್‌ಜಿಪಿಟಿಯಂಥ ದೊಡ್ಡ ಭಾಷಾ ಮಾದರಿಯೊಂದು ಸರಿಯಾದ ಉತ್ತರ ಕೊಟ್ಟ ಮಾತ್ರಕ್ಕೆ ಅದು ತರ್ಕಿಸಿತು ಎನ್ನಲಾಗದು; ಆ ಪ್ರಶ್ನೆಯೂ ಉತ್ತರವೂ ಅದರ ತರಬೇತಿಯ ಪಠ್ಯದಲ್ಲಿಯೇ ಇದ್ದಿರಬಹುದು. ಇಂಥ ಮಾದರಿಗಳನ್ನು ಅಳೆಯಲು 2020ರಲ್ಲಿ ಬಂದ ಎಂಎಂಎಲ್‌ಯು ಪರೀಕ್ಷೆ 57 ವಿಷಯಗಳನ್ನು ಒಳಗೊಂಡಿದೆ, ನಿಜ. ಆದರೆ ಅದರ ಪ್ರಶ್ನೆಗಳಿಗೆ ನಾಲ್ಕು ಆಯ್ಕೆಗಳಿರುವುದರಿಂದ ಕಣ್ಣು ಮುಚ್ಚಿ ಗುರುತು ಹಾಕಿದರೂ ಶೇ 25ರ ಆಸುಪಾಸಿನ ಅಂಕ ಬರುತ್ತದೆ; ಅಲ್ಲದೆ ಆ ಪ್ರಶ್ನೆಗಳು ವರ್ಷಗಳಿಂದ ಅಂತರ್ಜಾಲದಲ್ಲಿ ಎಲ್ಲರ ಕೈಗೂ ಸಿಗುತ್ತಿವೆ. ಆದ್ದರಿಂದ ಬಳ್ಳಾರಿ, ಕೊಪ್ಪಳ, ರಾಯಚೂರಿನ ಕಾಲೇಜುಗಳಲ್ಲಿ ಪಾಠ ಹೇಳುವವರು ಇಂಥ ಮಾದರಿಯನ್ನು ವಿದ್ಯಾರ್ಥಿಗಳಿಗೆ ಸೂಚಿಸುವ ಮೊದಲು, ತಮ್ಮ ಪ್ರಶ್ನೆಗಳನ್ನು ತಾವೇ ರಚಿಸಿ ಪರೀಕ್ಷಿಸಬೇಕು.

ಗಣಿತದಿಂದ ಆರಂಭಿಸುವುದು ಸುಲಭ. ತುಂಗಭದ್ರಾ ಜಲಾಶಯದ ಒಳಹರಿವು 40,000 ಕ್ಯೂಸೆಕ್, ಹೊರಹರಿವು 10,000 ಕ್ಯೂಸೆಕ್ ಇರುವಾಗ ಸಂಗ್ರಹ 10 ಟಿಎಂಸಿ ಹೆಚ್ಚಲು ಎಷ್ಟು ದಿನ ಬೇಕೆಂದು ಕೇಳಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡು, ಉಳಿಯುವ ನೀರು 30,000 ಕ್ಯೂಸೆಕ್. ಹಾಗಾಗಿ ದಿನಕ್ಕೆ 2.592 ಟಿಎಂಸಿ ಸೇರಿ, ಸುಮಾರು 3.86 ದಿನ ಬೇಕಾಗುತ್ತದೆ. ಇಷ್ಟನ್ನು ಹೆಚ್ಚಿನ ಮಾದರಿಗಳು ಮಾಡಬಲ್ಲವು. ನಿಜವಾದ ಪರೀಕ್ಷೆ ಇಲ್ಲಿಂದ ಮುಂದಿದೆ. ಮೊದಲು ಅಂಕಿಗಳನ್ನಷ್ಟೇ ಬದಲಿಸಿ. ಬಳಿಕ ಎಡದಂಡೆ ಕಾಲುವೆಯ ಉದ್ದವನ್ನೋ ಕ್ರಸ್ಟ್‌ಗೇಟುಗಳ ಸಂಖ್ಯೆ 33 ಎಂಬುದನ್ನೋ ಸುಮ್ಮನೆ ಸೇರಿಸಿ, ಬೇಡದ ಆ ಅಂಕಿ ಲೆಕ್ಕದೊಳಗೆ ನುಸುಳುತ್ತದೆಯೇ ಗಮನಿಸಿ. ಮೂರನೆಯ ಸಲ ಹೊರಹರಿವನ್ನು ಹೇಳದೆಯೇ ಕೇಳಿ. ಮಾಹಿತಿ ಸಾಲದು ಎಂದು ಹೇಳಬೇಕಾದ ಮಾದರಿ ತಾನೇ ಒಂದು ಅಂಕಿಯನ್ನು ಊಹಿಸಿಕೊಂಡು, ಅದು ಊಹೆಯೆಂದೂ ತಿಳಿಸದೆ ಉತ್ತರಿಸಿದರೆ, ಆ ದೋಷವನ್ನು ನಾನು ಲೆಕ್ಕದ ತಪ್ಪಿಗಿಂತ ಗಂಭೀರವೆಂದು ಎಣಿಸುತ್ತೇನೆ. ಕೊನೆಗೆ, ಹೂಳಿನಿಂದಾಗಿ ಜಲಾಶಯದ ಸಾಮರ್ಥ್ಯ 105.788 ಟಿಎಂಸಿಗೆ ಇಳಿದಿದೆ, ಈಗಿನ ಸಂಗ್ರಹ 100 ಟಿಎಂಸಿ ಎಂದು ತಿಳಿಸಿ ಅದೇ ಪ್ರಶ್ನೆಯನ್ನು ಕೇಳಿ. ಇನ್ನು 10 ಟಿಎಂಸಿಗೆ ಅಲ್ಲಿ ಜಾಗವೇ ಇಲ್ಲವೆಂಬುದನ್ನು ಕಾಣುವ ಮಾದರಿ ಸೂತ್ರವನ್ನು ಮಾತ್ರವಲ್ಲ, ಸನ್ನಿವೇಶವನ್ನೂ ಗ್ರಹಿಸಿದೆ ಎನ್ನಬಹುದು.

ಇತಿಹಾಸದಲ್ಲಿ ಅಳತೆಗೋಲು ಬೇರೆ; ಅಲ್ಲಿ ಒಂದೇ ಸರಿಯುತ್ತರ ಇರುವುದಕ್ಕಿಂತ, ಆಧಾರ ಎಷ್ಟು ಗಟ್ಟಿಯೋ ನಿರ್ಣಯವೂ ಅಷ್ಟೇ ಗಟ್ಟಿಯಾಗಿರಬೇಕು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇದೆ ಎಂಬುದು ಮಾದರಿಗಳಿಗೆ ಕಂಠಪಾಠವಾಗಿರುವ ಸಂಗತಿ. ಅದನ್ನು ಕೇಳಬೇಡಿ. ಮಸ್ಕಿ ಶಾಸನ ಸಿಗದೇ ಹೋಗಿದ್ದರೆ ಶಾಸನಗಳಲ್ಲಿ ಪ್ರಿಯದರ್ಶಿ ಎಂದು ಕರೆಯಲಾದ ರಾಜನೇ ಅಶೋಕನೆಂದು ಹೇಳಲು ಯಾವ ಆಧಾರಗಳು ಉಳಿಯುತ್ತಿದ್ದವೆಂದು ಕೇಳಿ. ಶ್ರೀಲಂಕಾದ ಪಾಳಿ ವೃತ್ತಾಂತಗಳನ್ನೂ, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೇಗೋಳದಲ್ಲಿ ಆ ಮೇಲೆ ಸಿಕ್ಕ ಶಾಸನಗಳನ್ನೂ ತಂದು ತೂಗಿ ನೋಡುವ ಉತ್ತರಕ್ಕೆ ಪೂರ್ಣ ಅಂಕ ಸಲ್ಲಬೇಕು. ನಂತರ ಕೊಪ್ಪಳದ ಗವಿಮಠದ ಶಾಸನದಲ್ಲಿಯೂ ಅಶೋಕನ ಹೆಸರಿದೆಯಲ್ಲವೇ ಎಂದು ತಪ್ಪು ಸುಳಿವು ಕೊಡಿ. ಅಲ್ಲಿ ಆ ಹೆಸರಿಲ್ಲ. ಕೇಳಿದವರ ಮನಸ್ಸು ಮೆಚ್ಚಿಸಲು ಹೌದೆನ್ನುವ ಮಾದರಿಯನ್ನು ಸಂಶೋಧನೆಗೆ ನೆಚ್ಚಿಕೊಳ್ಳುವಂತಿಲ್ಲ.

ರಸಾಯನಶಾಸ್ತ್ರಕ್ಕೆ ಸಂಡೂರಿನ ಕಬ್ಬಿಣದ ಅದಿರಾದ ಹೆಮಟೈಟ್ ಸಾಕು: ಒಂದು ಮಾದರಿಕಲ್ಲಿನಲ್ಲಿ ಶೇ 74ರಷ್ಟು ಕಬ್ಬಿಣವಿದೆ ಎಂಬ ವರದಿಯನ್ನು ಮುಂದಿಟ್ಟರೆ, ಶುದ್ಧ ಹೆಮಟೈಟಿನಲ್ಲಿಯೇ ಕಬ್ಬಿಣ ಸುಮಾರು ಶೇ 70 ಮಾತ್ರ ಇರುವುದರಿಂದ ವರದಿಯನ್ನೇ ಶಂಕಿಸಬೇಕು. ಕಾನೂನಿನಲ್ಲಿ ಕಾಲಕ್ರಮದ ಪ್ರಜ್ಞೆ ಮುಖ್ಯ. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ 2013ರಲ್ಲಿ ಜಾರಿಯಾದಾಗ ವಿಜಯನಗರ ಜಿಲ್ಲೆಯ ಹೆಸರು ಅದರ ವ್ಯಾಪ್ತಿಯಲ್ಲಿತ್ತೇ ಎಂದು ಕೇಳಿದರೆ, ಆ ಜಿಲ್ಲೆ ರಚನೆಯಾದದ್ದೇ 2021ರಲ್ಲಿ ಎಂಬುದರಿಂದ ಉತ್ತರ ಶುರುವಾಗಬೇಕು.

ಪ್ರತಿ ಪ್ರಶ್ನೆಯನ್ನೂ ಹೊಸ ಚಾಟ್ ತೆರೆದು ಕನಿಷ್ಠ ಐದು ಸಲ, ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಕೇಳಿ, ಮಾದರಿಯ ಹೆಸರು ಮತ್ತು ದಿನಾಂಕದೊಂದಿಗೆ ಬರೆದಿಡಿ. ಇಂಗ್ಲಿಷಿನಲ್ಲಿ ಸರಿಯಾಗಿದ್ದ ಲೆಕ್ಕ ಕನ್ನಡದಲ್ಲಿ ಕೆಟ್ಟರೆ ಮೊದಲು ಅಳತೆಯ ಪದಗಳನ್ನು ನೋಡಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ಎಂಬಲ್ಲಿಯೇ ಎಡವಿರಬಹುದು. ಸಂಗತಿಗಳಿಗೆ, ಹಂತಗಳಿಗೆ, ನಿರ್ಣಯಕ್ಕೆ ಪ್ರತ್ಯೇಕ ಅಂಕ ಕೊಡಿ. ಆಯಾ ವಿಷಯದ ಇಬ್ಬರು ಅಧ್ಯಾಪಕರು, ಯಾವ ಉತ್ತರ ಯಾವ ಮಾದರಿಯದೆಂದು ತಿಳಿಯದಂತೆ, ಬೇರೆ ಬೇರೆಯಾಗಿ ಮೌಲ್ಯಮಾಪನ ಮಾಡಲಿ. ಮಾದರಿ ಬರೆದು ತೋರಿಸುವ ಹಂತಗಳೇ ಅದು ಉತ್ತರಕ್ಕೆ ತಲುಪಿದ ನಿಜವಾದ ದಾರಿಯೆಂದು ನಂಬಬೇಕಾಗಿಲ್ಲ. ಅದಕ್ಕಾಗಿಯೇ ಪ್ರಶ್ನೆಯನ್ನು ತಿರುವಿ ತಿರುವಿ ಕೇಳಬೇಕಾಗುತ್ತದೆ. ಇಪ್ಪತ್ತು ಪ್ರಶ್ನೆಗಳಲ್ಲಿ ಒಂದು ಮಾದರಿಗೆ 14, ಇನ್ನೊಂದು ಮಾದರಿಗೆ 15 ಸರಿ ಬಂದರೆ ಎರಡನೆಯದು ಮೇಲು ಎನ್ನಲು ಬರುವುದಿಲ್ಲ. ಹೀಗೆ ಸಿದ್ಧಪಡಿಸಿದ ಪ್ರಶ್ನೆಗಳನ್ನೂ ಉತ್ತರಗಳನ್ನೂ ಅಂತರ್ಜಾಲದಲ್ಲಿ ಪ್ರಕಟಿಸದೆ ಕಾಲೇಜಿನಲ್ಲಿಯೇ ಇಟ್ಟುಕೊಳ್ಳಿ, ಮುಂದಿನ ವರ್ಷ ಹೊಸ ಮಾದರಿ ಬಂದಾಗ ಅಂಕಿಗಳನ್ನು ಬದಲಿಸಿ ಮತ್ತೆ ಬಳಸಿ.